ಬಂಡೆಯ ಕೆಲಸಕ್ಕೆ ಎಂಥ ಕೈಗಡಿಯಾರ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಹತ್ತಿರ ಕಲ್ಲು ಕ್ವಾರಿಯೊಂದರಲ್ಲಿ ಜ್ಯಾಕ್‌ಹ್ಯಾಮರ್ ಹಿಡಿಯುವ ಕೆಲಸ ಮಾಡುತ್ತೇನೆ. ಊರಿನಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟವಿದ್ದು, ಥ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ರಾತ್ರಿ ಎದ್ದು ಮೋಟಾರ್ ಹಾಕಬೇಕಾಗುತ್ತದೆ. ಮದ್ದು ಸಿಡಿಸುವ ಕಡೆಗೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಕೈಗಡಿಯಾರ ಬೇಕೇ ಬೇಕು. ನಮ್ಮ ತಂದೆಯವರ ಎಚ್‌ಎಂಟಿ ಜನತಾ ಕಟ್ಟಿಕೊಂಡು ಹೋದೆ. ಎರಡೇ ತಿಂಗಳಿಗೆ ನಿಂತುಹೋಯಿತು. ಆಮೇಲೆ ಕೊಂಡ ಎರಡು ವಾಚುಗಳೂ ವರ್ಷ ತುಂಬಲಿಲ್ಲ. ಈಗ ಮೂರು ಸಾವಿರ ರೂಪಾಯಿಯೊಳಗೆ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಒಬ್ಬರು ಆಟೊಮ್ಯಾಟಿಕ್ ತೆಗೆದುಕೋ ಎನ್ನುತ್ತಾರೆ, ಇನ್ನೊಬ್ಬರು ಸಫೈರ್ ಗ್ಲಾಸ್ ಇರಲಿ ಎನ್ನುತ್ತಾರೆ. ಯಾವುದು ಬಾಳುತ್ತದೆ?

ಉತ್ತರ: ಹೊಸ ಗಡಿಯಾರದ ವಿಚಾರಕ್ಕೆ ಬರುವ ಮುಂಚೆ ಒಂದು ತುರ್ತಿನ ಮಾತು ಹೇಳಿಬಿಡುತ್ತೇನೆ. ನಿಮ್ಮ ತಂದೆಯವರ ಜನತಾಕ್ಕೆ ಇನ್ನು ಕೀಲಿ ಕೊಡಬೇಡಿ. ಅಲ್ಲಾಡಿಸಿ, ತಟ್ಟಿ, ಮತ್ತೆ ನಡೆಯುತ್ತದೆಯೇ ಎಂದು ನೋಡಬೇಡಿ. ಕ್ವಾರಿಯಲ್ಲಿ ಎರಡು ತಿಂಗಳು ಇದ್ದು ನಿಂತಿದೆ ಎಂದರೆ ಒಳಗೆ ಕಲ್ಲಿನ ಪುಡಿ ಹೊಕ್ಕಿರುವ ಸಾಧ್ಯತೆಯೇ ಹೆಚ್ಚು. ಆ ಪುಡಿ ಗಡಿಯಾರದ ಎಣ್ಣೆಯೊಂದಿಗೆ ಸೇರಿಕೊಂಡರೆ ಸಾಣೆ ಹಿಡಿಯುವ ಲೇಪದಂತಾಗುತ್ತದೆ. ನೀವು ಕೀಲಿ ಕೊಟ್ಟಷ್ಟು ಸಲವೂ ಚಕ್ರಗಳ ಮೊನೆಗಳು ಅದರಲ್ಲಿ ಅರೆದುಕೊಳ್ಳುತ್ತವೆ. ಈಗ ನಿಂತಿರುವುದು ತೊಳೆದು ಸರಿಮಾಡಬಹುದಾದ ಗಡಿಯಾರ. ಹಟ ಹಿಡಿದು ಓಡಿಸಿದರೆ ಸವೆದು ಹೋದ ಗಡಿಯಾರವಾಗುತ್ತದೆ. ಅದನ್ನು ಒಣಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಅದಕ್ಕೆ ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ತುಮಕೂರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಬಂದ ನನ್ನಂಥವರಿಗೆ ಎಚ್‌ಎಂಟಿ ಎಂದರೆ ಮನೆಯ ಹೆಸರಿದ್ದಂತೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೈಗಡಿಯಾರದ ತಯಾರಿಕೆ 1978ರಲ್ಲಿ ನಮ್ಮೂರಿಗೂ ಬಂದು, ಇಲ್ಲಿನ ಎಷ್ಟೋ ಮನೆಗಳಿಗೆ ಅನ್ನವನ್ನೂ ಎಷ್ಟೋ ಕೈಗಳಿಗೆ ಈ ವಿದ್ಯೆಯನ್ನೂ ಕೊಟ್ಟಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಆ ಗಡಿಯಾರಗಳ ಮೇಲೆ ನನಗಿರುವ ಗೌರವ ಕಡಿಮೆಯದಲ್ಲ. ಆದರೂ ಹೇಳಲೇಬೇಕು: ಜನತಾ ಮೇಷ್ಟರ, ಗುಮಾಸ್ತರ, ಬಸ್ ಕಂಡಕ್ಟರರ ಕೈಗೆಂದು ಆದ ಗಡಿಯಾರ, ಜ್ಯಾಕ್‌ಹ್ಯಾಮರ್ ಹಿಡಿದ ಕೈಗೆಂದು ಆದದ್ದಲ್ಲ.

ಕಾರಣ ಸರಳವಾಗಿದೆ. ಕೀಲಿ ಕೊಡುವ ಗಡಿಯಾರದ ಜೀವ ಅದರ ಬ್ಯಾಲೆನ್ಸ್ ಚಕ್ರದಲ್ಲಿದೆ. ಜನತಾದಲ್ಲಿ ಆ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ, ಅತ್ತಿಂದಿತ್ತ ಬಡಿಯುತ್ತದೆ. ಅದು ನಿಂತಿರುವುದು ಎರಡು ಮೊನೆಗಳ ಮೇಲೆ. ಒಂದೊಂದು ಮೊನೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಮೊನೆಗಳಿಗೆ ಆಸರೆಯಾಗಿ ಸ್ಪ್ರಿಂಗಿನ ಮೇಲೆ ಕೂರಿಸಿದ ಮಾಣಿಕ್ಯದ ಹರಳುಗಳಿರುತ್ತವೆ. ಎಚ್‌ಎಂಟಿಗಳ ಮೇಲೆ ‘ಪ್ಯಾರಾಶಾಕ್’ ಎಂದು ಬರೆದಿರುವುದು ಈ ಏರ್ಪಾಟನ್ನೇ. ಕೈತಪ್ಪಿ ನೆಲಕ್ಕೆ ಬಿದ್ದ ಒಂದು ಏಟನ್ನು ಅದು ತಾಳಿಕೊಳ್ಳುತ್ತದೆ. ನಿಮ್ಮ ಜ್ಯಾಕ್‌ಹ್ಯಾಮರ್ ನಿಮಿಷಕ್ಕೆ ಸಾವಿರಕ್ಕೂ ಮೀರಿದ ಏಟು ಹೊಡೆಯುತ್ತದೆ. ಆ ನಡುಕವೆಲ್ಲ ಹಿಡಿಯಿಂದ ಮಣಿಕಟ್ಟಿಗೆ ಬರುತ್ತದೆ. ಅಷ್ಟು ಹೊತ್ತು, ಅಷ್ಟು ಸಲ ಬರುವ ನಡುಕಕ್ಕಾಗಿ ಆ ಸ್ಪ್ರಿಂಗನ್ನು ಮಾಡಿಲ್ಲ.

ಆಟೊಮ್ಯಾಟಿಕ್ ಬೇಡವೆನ್ನುವುದಕ್ಕೂ ಇದೇ ಕಾರಣ, ಜೊತೆಗೆ ಇನ್ನೊಂದಿದೆ. ಕೈ ಆಡಿದಂತೆ ತಾನೇ ಕೀಲಿ ತುಂಬಿಕೊಳ್ಳಲು ಆಟೊಮ್ಯಾಟಿಕ್ಕಿನೊಳಗೆ ಅರ್ಧಚಂದ್ರಾಕಾರದ ಒಂದು ತೂಕ ತಿರುಗುತ್ತಿರುತ್ತದೆ. ಗಡಿಯಾರದೊಳಗೆ ಅಲ್ಲಾಡುವ ಭಾಗಗಳಲ್ಲಿ ಹೆಚ್ಚು ಭಾರವಾದದ್ದು ಅದೇ, ಮತ್ತು ಅದು ಕೂತಿರುವುದು ನಡುವಿನ ಒಂದೇ ಬೇರಿಂಗಿನ ಮೇಲೆ. ಎಡೆಬಿಡದ ನಡುಕದಲ್ಲಿ ಆ ಬೇರಿಂಗ್ ಸಡಿಲವಾಗಿ ತೂಕ ಮುಚ್ಚಳಕ್ಕೆ ಉಜ್ಜತೊಡಗುತ್ತದೆ. ಒಳ್ಳೆಯ ಆಟೊಮ್ಯಾಟಿಕ್ ಬಹಳ ಚೆಲುವಾದ ವಸ್ತು, ದಶಕಗಳ ಕಾಲ ಬಾಳುವಂಥದ್ದು. ಬಂಡೆಯ ಮೇಲೆ ಮಾತ್ರ ಅದಕ್ಕೆ ಜಾಗವಿಲ್ಲ.

ಹಾಗಾದರೆ ಏಟು ತಡೆಯುವ ಗಡಿಯಾರ ಕೊಂಡರೆ ಸಾಕಲ್ಲ ಎಂದು ನಿಮಗೆ ಅನ್ನಿಸಬಹುದು. ನನ್ನ ಅನುಭವ ಬೇರೆ. ಕಲ್ಲು, ಮಣ್ಣು, ಗಾರೆ ಕೆಲಸದವರು ತಂದುಕೊಡುವ ಗಡಿಯಾರಗಳಲ್ಲಿ ಒಂದೇ ಏಟಿಗೆ ಒಡೆದು ಬಂದವು ಕಡಿಮೆ. ಬೆವರು ಮತ್ತು ಪುಡಿ ದಿನದಿನವೂ ಒಳಕ್ಕೆ ಇಳಿದು ಕೆಟ್ಟವೇ ಹೆಚ್ಚು. ಒಮ್ಮೆ ಕ್ವಾರಿಯವರೊಬ್ಬರ ಮುಳ್ಳಿನ ವಾಚನ್ನು ಬಿಚ್ಚಿದ್ದು ನೆನಪಿದೆ. ಹೊರಗೆ ಒಂದು ಗೀರು ಬಿಟ್ಟರೆ ಮತ್ತೇನೂ ಇರಲಿಲ್ಲ. ಹಿಂಬದಿಯ ಮುಚ್ಚಳದ ಸುತ್ತ ಇರುವ ಸಣ್ಣ ಕಾಲುವೆಯಲ್ಲಿ ಬೂದು ಬಣ್ಣದ ಹಿಟ್ಟು ಒಣಗಿದ ಗಾರೆಯಂತೆ ಕೂತಿತ್ತು. ಅದನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಬೇಕಾಯಿತು. ಅದರಡಿಯಲ್ಲಿದ್ದ ರಬ್ಬರ್ ವಾಷರ್, ದುಂಡಗಿರಬೇಕಾದದ್ದು, ಅಮುಕಿ ಅಮುಕಿ ರಿಬ್ಬನ್ನಿನಂತೆ ಚಪ್ಪಟೆಯಾಗಿ, ಬೆರಳಲ್ಲಿ ಹಿಡಿದು ಬಗ್ಗಿಸಿದೊಡನೆ ತುಂಡಾಯಿತು. ಮುಳ್ಳು ತಿರುಗಿಸುವ ಕೀಯ ಕಡ್ಡಿ ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆ ಗಡಿಯಾರ ಸತ್ತದ್ದು ಏಟಿನಿಂದಲ್ಲ, ಉಪ್ಪುಬೆವರಿನಿಂದ.

ಇಲ್ಲೇ ಇನ್ನೊಂದು ಮಾತು. ಅಷ್ಟು ಬಿಗಿಯಾಗಿ ಮುಚ್ಚಿದ ಗಡಿಯಾರದೊಳಕ್ಕೆ ಹೋಗುವ ಪುಡಿ ನಿಮ್ಮ ಎದೆಯೊಳಕ್ಕೆ ಹೋಗುವುದು ಇನ್ನೂ ಸುಲಭ. ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಬರೀ ಟವೆಲ್ ಕಟ್ಟಿಕೊಂಡು ಕೊರೆಯಬೇಡಿ. ಸರಿಯಾದ ಮಾಸ್ಕ್ ಕೇಳಿ ಪಡೆಯಿರಿ, ಸಾಧ್ಯವಿದ್ದಲ್ಲಿ ನೀರು ಬಿಟ್ಟು ಕೊರೆಯಿರಿ.

ಆದ್ದರಿಂದ ಗಡಿಯಾರವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಎಷ್ಟು ಬಿಗಿಯಾಗಿ ಮುಚ್ಚಿದೆ ಎಂಬುದನ್ನು. ಇದನ್ನು ತಿಳಿಸುವುದು ಡಯಲ್ಲಿನ ಮೇಲೋ ಹಿಂಬದಿಯಲ್ಲೋ ಇರುವ ‘ವಾಟರ್ ರೆಸಿಸ್ಟ್’ ಎಂಬ ಬರಹ ಮತ್ತು ಅದರ ಪಕ್ಕದ ಅಂಕಿ. ಈ ಅಂಕಿಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. 30 ಮೀಟರ್ ಎಂದರೆ ಮೂವತ್ತು ಮೀಟರ್ ಆಳದ ಬಾವಿಗೆ ಕಟ್ಟಿಕೊಂಡು ಇಳಿಯಬಹುದು ಎಂದಲ್ಲ. ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ ಎಂಬ ಲೆಕ್ಕದಲ್ಲಿ, ಹೊಸ ಗಡಿಯಾರವನ್ನು ಪರೀಕ್ಷಾಶಾಲೆಯಲ್ಲಿ ಅಲ್ಲಾಡದ ನೀರಿನಲ್ಲಿಟ್ಟು ಅಷ್ಟು ಒತ್ತಡ ಕೊಟ್ಟು ನೋಡಿದ್ದಾರೆ ಎಂದು ಮಾತ್ರ ಅದರ ಅರ್ಥ. ಬಳಕೆಯಲ್ಲಿ 30 ಮೀಟರಿನದು ಮಳೆಹನಿಗೆ, ಕೈ ತೊಳೆಯುವುದಕ್ಕೆ ಸಾಕು. 50 ಮೀಟರಿನದು ದಿನವೂ ಒದ್ದೆಯಾಗುವ ಕೆಲಸಕ್ಕೆ ಸುಮಾರಾಗಿ ನಡೆಯುತ್ತದೆ. ನಿಮಗೆ ಬೇಕಾದದ್ದು 100 ಮೀಟರಿನದು. ನೀವು ಈಜುತ್ತೀರಿ ಎಂದಲ್ಲ. ಅಷ್ಟನ್ನು ತಡೆಯಲು ಮಾಡಿದ ಗಡಿಯಾರದಲ್ಲಿ ಮುಚ್ಚಳವೂ ವಾಷರೂ ಬಟನ್ನಿನ ಬುಡಗಳೂ ಅಷ್ಟರಮಟ್ಟಿಗೆ ಗಟ್ಟಿಯಾಗಿರುತ್ತವೆ, ಮತ್ತು ನೀರು ಹೋಗದ ಕಡೆ ಪುಡಿಯೂ ಹೋಗುವುದಿಲ್ಲ. ಅಂಕಿಯೇ ಇಲ್ಲದೆ ಬರೀ ‘ವಾಟರ್ ರೆಸಿಸ್ಟ್’ ಎಂದಿದ್ದರೆ ಅದನ್ನು ಮಳೆಹನಿಯ ಲೆಕ್ಕಕ್ಕೇ ಹಿಡಿಯಿರಿ.

ಒಂದು ಎಚ್ಚರಿಕೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ದಿನವಿಡೀ ಕೆಲಸ ಮಾಡಿ, ಸಂಜೆ ಕಾದ ಗಡಿಯಾರವನ್ನು ಹಾಗೆಯೇ ತೊಟ್ಟಿಯ ತಣ್ಣೀರಿನಲ್ಲಿ ಅದ್ದಬೇಡಿ. ಒಳಗಿನ ಬಿಸಿಗಾಳಿ ಥಟ್ಟನೆ ಕುಗ್ಗಿ, ವಾಷರ್ ಸ್ವಲ್ಪ ಸೋತಿದ್ದರೂ ಸಾಕು, ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ನೆರಳಿನಲ್ಲಿಟ್ಟು ಆಮೇಲೆ ತೊಳೆಯಿರಿ.

ಇನ್ನು ಗ್ಲಾಸಿನ ವಿಚಾರ. ನೀಲಮಣಿಯ ಜಾತಿಯ ಹರಳಿನಿಂದ ಮಾಡುವ ಸಫೈರ್ ಗ್ಲಾಸಿಗೆ ಸುಲಭಕ್ಕೆ ಗೀರು ಬೀಳುವುದಿಲ್ಲ ಎಂಬುದು ನಿಜ. ಗಟ್ಟಿತನದ ಮೋಸ್ ಅಳತೆಯಲ್ಲಿ ಸಫೈರ್ 9ರಲ್ಲಿದೆ. ನಿಮ್ಮ ಕ್ವಾರಿಯ ಗ್ರಾನೈಟಿನಲ್ಲಿರುವ ಬಿಳಿಕಲ್ಲು, ಅಂದರೆ ಕ್ವಾರ್ಟ್ಜ್, 7ರಲ್ಲಿದೆ. ಅದರೊಂದಿಗೆ ಸೇರಿರುವ ಫೆಲ್ಡ್‌ಸ್ಪಾರ್ 6ರಲ್ಲಿ. ಸಾಮಾನ್ಯ ವಾಚುಗಳ ಮಿನರಲ್ ಗ್ಲಾಸು ಕ್ವಾರ್ಟ್ಜಿಗಿಂತ ಮೆದು. ಹಾಗಾಗಿ ಆ ಧೂಳು ಕೂತ ಗ್ಲಾಸನ್ನು ಅಂಗಿಯ ತೋಳಿಗೆ ಒರೆಸಿದರೂ ಸಾಕು, ಸಣ್ಣ ಸಣ್ಣ ಗೀರು ಬೀಳುತ್ತದೆ. ಸಫೈರ್ ಇದಕ್ಕೆ ಜಗ್ಗುವುದಿಲ್ಲ. ಆದರೆ ಗಟ್ಟಿಯಾದದ್ದೆಲ್ಲ ಏಟು ತಾಳುವುದಿಲ್ಲ ಎಂಬುದು ಕಲ್ಲಿನ ಕೆಲಸದವರಿಗೆ ನಾನು ಹೇಳಿಕೊಡಬೇಕಾದ ಮಾತಲ್ಲ; ಹದ ಮೀರಿದ ಗಟ್ಟಿ ಉಳಿಯ ಮೊನೆ ಮುರಿಯುವುದನ್ನು ನೀವು ಕಂಡಿರುತ್ತೀರಿ. ಸಿಡಿದ ಚಕ್ಕೆಯೊಂದು ಅಂಚಿಗೆ ಬಡಿದರೆ ಸಫೈರ್ ಚೂರಾಗುತ್ತದೆ, ಚೂರುಗಳು ಡಯಲ್ಲಿನ ಮೇಲೆ ಬೀಳುತ್ತವೆ. ನಿಮ್ಮ ಮೂರು ಸಾವಿರದೊಳಗೆ ಸಫೈರ್ ಎಂದು ತೋರಿಸಿದರೆ ಅದು ನಿಜವಾದ ಸಫೈರೇ ಎಂಬುದನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ.

ನಿಮ್ಮ ಕೆಲಸಕ್ಕೆ ಪ್ಲಾಸ್ಟಿಕ್ ಗ್ಲಾಸೇ ವಾಸಿ. ಗೀರು ಬೀಳುತ್ತದೆ, ಒಡೆಯುವುದಿಲ್ಲ. ಗೀರಿನಿಂದ ಮಂಕಾದರೆ ಬೆರಳಿನಲ್ಲಿ ಒಂದಿಷ್ಟು ಟೂತ್‌ಪೇಸ್ಟ್ ಹಚ್ಚಿ, ಮೆತ್ತನೆಯ ಹತ್ತಿಬಟ್ಟೆಯಿಂದ ಹತ್ತು ನಿಮಿಷ ದುಂಡಗೆ ಉಜ್ಜಿದರೆ ಮಟ್ಟಸವಾಗಿ ತಿಳಿಯಾಗುತ್ತದೆ. ಜನತಾದ ಉಬ್ಬು ಗ್ಲಾಸಿಗೂ ಹಿಂದಿನಿಂದ ಮಾಡಿಕೊಂಡು ಬಂದದ್ದು ಇದನ್ನೇ. ಗ್ಲಾಸು ಯಾವುದೇ ಇರಲಿ, ಅದರ ಸುತ್ತಲಿನ ಚೌಕಟ್ಟು ಗ್ಲಾಸಿಗಿಂತ ತುಸು ಎತ್ತರವಾಗಿರಬೇಕು. ಅಂಗಡಿಯಲ್ಲಿ ಗಡಿಯಾರವನ್ನು ಮಗುಚಿ ಮೇಜಿನ ಮೇಲಿಟ್ಟು ನೋಡಿ. ಗ್ಲಾಸು ಮೇಜಿಗೆ ತಗುಲದೆ ಚೌಕಟ್ಟಷ್ಟೇ ತಗುಲಿದರೆ ಒಳ್ಳೆಯದು.

ಮುಳ್ಳಿನದೋ ಅಂಕಿ ತೋರಿಸುವುದೋ? ಸೆಲ್ಲಿನಿಂದ ನಡೆಯುವ ಎರಡರ ಒಳಗೂ ಸೆಕೆಂಡಿಗೆ 32,768 ಸಲ ಕಂಪಿಸುವ ಚಿಕ್ಕ ಕ್ವಾರ್ಟ್ಜ್ ಹರಳಿದ್ದು, ಕಾಲದ ಲೆಕ್ಕ ಅದರಿಂದಲೇ ಬರುತ್ತದೆ. ನಿಮ್ಮ ಬಂಡೆಯ ಬಿಳಿಕಲ್ಲಿನ ಜಾತಿಯದೇ ಆ ಹರಳು. ವ್ಯತ್ಯಾಸವಿರುವುದು ಮುಂದಿನ ಭಾಗದಲ್ಲಿ. ಮುಳ್ಳಿನ ವಾಚಿನಲ್ಲಿ ಪುಟ್ಟ ಮೋಟಾರು, ಹಲ್ಲುಚಕ್ರಗಳು, ಕಡ್ಡಿಗೆ ಬಿಗಿಯಾಗಿ ಒತ್ತಿ ಕೂರಿಸಿದ ಮುಳ್ಳುಗಳು ಇರುತ್ತವೆ. ನಡುಕಕ್ಕೆ ಮುಳ್ಳು ಸಡಿಲವಾಗಿ ಜರುಗಿ, ಗಂಟೆ ಒಂದು ಹೇಳಿದರೆ ನಿಮಿಷ ಇನ್ನೊಂದು ಹೇಳುತ್ತದೆ. ಮೇಲಾಗಿ ಹೊರಕ್ಕೆ ಎಳೆಯುವ ಕೀ ಇರುತ್ತದೆ, ಪುಡಿಗೆ ಅದೇ ದಾರಿ. ಡಿಜಿಟಲ್ಲಿನಲ್ಲಿ ಅಲ್ಲಾಡುವ ಭಾಗವೆಂದರೆ ಬಟನ್ನುಗಳಷ್ಟೇ. ಮೋಟಾರು, ಜನರೇಟರಿನ ಅಯಸ್ಕಾಂತದ ತೊಂದರೆಯೂ ಅದರ ತೆರೆಗೆ ಇಲ್ಲ. ನಿಮ್ಮ ಕೈಗೆ ಡಿಜಿಟಲ್ಲೇ ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಏಟಿನ ಬಗ್ಗೆ ಇಷ್ಟು ತಿಳಿದಿರಲಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ‘ಶಾಕ್ ರೆಸಿಸ್ಟೆಂಟ್’ ಎನ್ನಬೇಕಾದರೆ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟರ ಏಟನ್ನು ಗಡಿಯಾರ ತಾಳಬೇಕು. ಇದಕ್ಕಿಂತ ಬಹಳ ಮುಂದೆ ಹೋದದ್ದು ಕ್ಯಾಸಿಯೊ ಕಂಪನಿಯ ಜಿ-ಶಾಕ್. ಅದರ ಹುಟ್ಟಿನ ಕಥೆಯನ್ನು ನಿಮಗೆ ಹೇಳಲೇಬೇಕು. ಕಿಕುಒ ಇಬೆ ಎಂಬ ಎಂಜಿನಿಯರ್‌ಗೆ ತಂದೆ ಕೊಟ್ಟಿದ್ದ ಗಡಿಯಾರವೊಂದಿತ್ತು. ಅದು ನೆಲಕ್ಕೆ ಬಿದ್ದು ಒಡೆದುಹೋಯಿತು. ಬಿದ್ದರೂ ಒಡೆಯದ ಗಡಿಯಾರ ಮಾಡಬೇಕೆಂದು ಅವರು 1981ರಲ್ಲಿ ಕೆಲಸಕ್ಕೆ ಕೈಹಾಕಿ, ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನು ಮಾಡಿ ಮಾಡಿ ಎತ್ತರದಿಂದ ಬೀಳಿಸಿ ನೋಡಿದರು. ಪ್ರತಿಸಲವೂ ಒಳಗಿನ ಒಂದಲ್ಲ ಒಂದು ಭಾಗ ಕೆಡುತ್ತಿತ್ತು. ಹುಡುಗಿಯೊಬ್ಬಳು ಚೆಂಡು ಪುಟಿಸುವುದನ್ನು ಕಂಡಾಗ, ಚೆಂಡಿನ ನಡುವೆ ತೇಲುತ್ತಿರುವ ವಸ್ತುವಿಗೆ ಏಟು ತಾಗುವುದಿಲ್ಲವೆಂಬುದು ಹೊಳೆಯಿತು. ಯಂತ್ರವನ್ನು ಕೇಸಿಗೆ ಬಿಗಿಯದೆ, ಕೆಲವೇ ಬಿಂದುಗಳಲ್ಲಿ ಮೆತ್ತನೆಯ ಆಸರೆ ಕೊಟ್ಟು ತೇಲಿಸಿದ ಮೊದಲ ಜಿ-ಶಾಕ್ 1983ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಅದೇ ಚೌಕಾಕಾರದಲ್ಲಿ ಬರುವ ಡಿಡಬ್ಲ್ಯು-5600 ಮಾದರಿಗೆ 200 ಮೀಟರಿನ ನೀರಿನ ತಡೆಯೂ ಇದೆ. ನಿಮ್ಮ ಕೆಲಸಕ್ಕೆ ಅದಕ್ಕಿಂತ ಒಗ್ಗುವುದು ಸಿಗಲಾರದು. ಆದರೆ ಬೆಲೆ ನೀವು ಹೇಳಿದ ಮೊತ್ತದ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಮೂರು ಸಾವಿರದ ಮಿತಿಯಲ್ಲಿ ನಾನು ನಿಮಗೆ ಹೇಳುವುದು ಅದೇ ಕಂಪನಿಯ ಎಇ-1200 ಮಾದರಿಯ ಪ್ಲಾಸ್ಟಿಕ್ ಬೆಲ್ಟಿನದನ್ನು. ಕೇಸು, ಗ್ಲಾಸು ಎರಡೂ ಪ್ಲಾಸ್ಟಿಕ್. ನೀರಿನ ತಡೆ 100 ಮೀಟರ್. ಐದು ಅಲಾರಂ ಇಡಬಹುದು, ಕರೆಂಟು ಬರುವ ಹೊತ್ತಿಗೆ ರಾತ್ರಿ ಏಳಬೇಕಾದ ನಿಮಗೆ ಇದು ಅನುಕೂಲ. ಬಟನ್ ಒತ್ತಿದರೆ ಕತ್ತಲಲ್ಲಿ ದೀಪ ಹತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಸೆಲ್ಲು 10 ವರ್ಷ ಬರುತ್ತದೆಂದು ಕಂಪನಿ ಹೇಳುತ್ತದೆ. ಇದು ಬರೀ ಸೆಲ್ಲಿನ ದುಡ್ಡು ಉಳಿಯುವ ಮಾತಲ್ಲ. ಗಡಿಯಾರದ ಹಿಂಬದಿ ಬಿಚ್ಚಿದಷ್ಟು ಸಲವೂ ವಾಷರ್ ಕೆಡುವ ಅಪಾಯವಿದೆ: ಅವಸರದಲ್ಲಿ ಅದು ಮಡಚಿಕೊಳ್ಳುತ್ತದೆ, ಇಲ್ಲವೇ ಒಂದು ಎಳೆ ಕೂದಲೋ ಮರಳಿನ ಕಣವೋ ಅಂಚಿನಲ್ಲಿ ಉಳಿದುಬಿಡುತ್ತದೆ. ನಿಮ್ಮ ಹಿಂದಿನ ಎರಡು ವಾಚುಗಳು ಸೆಲ್ಲು ಹಾಕಿಸಿದ ಮೇಲೆಯೇ ಕೆಟ್ಟವೇ ಎಂದು ನೆನಪು ಮಾಡಿಕೊಳ್ಳಿ. ಹಾಗಾಗಿದ್ದರೆ ಕಾರಣ ಇದೇ ಇರಬಹುದು. ಹತ್ತು ವರ್ಷ ಬಿಚ್ಚದೇ ಇರುವ ಗಡಿಯಾರವೇ ಧೂಳಿನ ಕೆಲಸಕ್ಕೆ ಹೇಳಿಮಾಡಿಸಿದ ಗಡಿಯಾರ. ಇದರ ಕೊರತೆಯನ್ನೂ ಹೇಳಬೇಕು: ತೆರೆಯಲ್ಲಿ ಹಲವು ವಿವರಗಳಿಗೆ ಜಾಗ ಕೊಟ್ಟಿರುವುದರಿಂದ ಸಮಯದ ಅಂಕಿಗಳು ಸಣ್ಣವು. ಕಣ್ಣು ಸ್ವಲ್ಪ ಮಂದವಾಗಿದ್ದರೆ ಕೊಳ್ಳುವ ಮುಂಚೆ ಮಣಿಕಟ್ಟಿಗೆ ಕಟ್ಟಿ, ಕೈ ಚಾಚಿ, ಬಿಸಿಲಿನಲ್ಲಿ ನಿಂತು ಓದಿ ನೋಡಿ.

ಬೇರೆ ಕಂಪನಿಯದು ಕೊಳ್ಳಬಾರದೆಂದು ನನ್ನ ಮಾತಿನ ಅರ್ಥವಲ್ಲ. ಸೊನಾಟಾ, ಟೈಮೆಕ್ಸ್ ಮುಂತಾದವರ ಪ್ಲಾಸ್ಟಿಕ್ ಡಿಜಿಟಲ್ಲುಗಳಲ್ಲಿಯೂ ನೀರಿನ ತಡೆಯ ಅಂಕಿ, ಚೌಕಟ್ಟಿನ ಎತ್ತರ, ಸೆಲ್ಲಿನ ಅವಧಿ ಇವನ್ನು ನೋಡಿ ಆರಿಸಬಹುದು. ಕ್ಯಾಸಿಯೊದವರ ಎಫ್-91ಡಬ್ಲ್ಯು 1989ರಿಂದ ಬರುತ್ತಿರುವ, 21 ಗ್ರಾಮಿನ ಹಗುರ ಗಡಿಯಾರ. ತೋಟದ ಕೆಲಸಕ್ಕೆ, ಕುರಿ ಮೇಯಿಸಲು ಹೋಗುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ಅದರ ನೀರಿನ ತಡೆ ಮಳೆಹನಿಯ ಮಟ್ಟದ್ದು, ಕ್ವಾರಿಗೆ ಸಾಲದು. ಸ್ಮಾರ್ಟ್ ವಾಚ್ ನಿಮ್ಮ ಲೆಕ್ಕಕ್ಕೇ ಬೇಡ. ಅದೂ ರೇಡಿಯೊ ಅಲೆ ಹೊರಡಿಸುವ ಸಾಧನವಾದ್ದರಿಂದ, ಮೊಬೈಲ್ ಒಯ್ಯಬಾರದ ಮದ್ದಿನ ಜಾಗಕ್ಕೆ ಅದನ್ನೂ ಒಯ್ಯಬಾರದು.

ಹೆಸರುವಾಸಿ ಗಡಿಯಾರಗಳ ನಕಲು ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ರಾಶಿ ಬಿದ್ದಿರುತ್ತದೆ. ಐನೂರು ರೂಪಾಯಿಗೆ ಜಿ-ಶಾಕ್ ಎಂದು ಕೊಟ್ಟರೆ ಅದು ಜಿ-ಶಾಕ್ ಅಲ್ಲ. ಹೊರಗಿನ ರೂಪ ಹಾಗೆಯೇ ಇದ್ದರೂ ಒಳಗೆ ತೇಲಿಸಿದ ಯಂತ್ರವಾಗಲಿ ಸರಿಯಾದ ವಾಷರ್ ಆಗಲಿ ಇರುವುದಿಲ್ಲ. ಬಿಲ್ಲು ಕೊಡುವ, ವಾರಂಟಿ ಕಾರ್ಡಿಗೆ ಮುದ್ರೆ ಹಾಕುವ ಅಂಗಡಿಯಲ್ಲೇ ಕೊಳ್ಳಿ.

ಈಗ ಬೆಲ್ಟಿನ ವಿಚಾರ, ಇದರಲ್ಲಿ ನಿಮ್ಮ ಕೈಯ ಪ್ರಶ್ನೆಯೂ ಇರುವುದರಿಂದ ಸ್ವಲ್ಪ ನಿಧಾನವಾಗಿ ಓದಿ. ಚರ್ಮದ ಬೆಲ್ಟು ಬೆವರಿಗೆ ಕೊಳೆತು ನಾರುತ್ತದೆ. ಉಕ್ಕಿನ ಚೈನಿನ ಕೊಂಡಿಗಳಲ್ಲಿ ಪುಡಿ ಸೇರಿ ಕೊಂಡಿಯನ್ನೇ ತಿನ್ನುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯ ಎರಡು ತುದಿಗಳ ನಡುವೆ ಆ ಚೈನು ಸಿಕ್ಕಿದರೆ ಕ್ಷಣಮಾತ್ರದಲ್ಲಿ ಕೆಂಪಗೆ ಕಾದು ಮಣಿಕಟ್ಟನ್ನು ಸುಡುತ್ತದೆ. ಕರೆಂಟಿನ ಪೆಟ್ಟಿಗೆಯ ಹತ್ತಿರವೂ ಲೋಹ ಬೇಡ. ನೈಲಾನ್ ಪಟ್ಟಿ ಬಹಳ ಗಟ್ಟಿ. ಬೆಲ್ಟು ಸಿಕ್ಕಿಸುವ ಎರಡೂ ಪಿನ್ನುಗಳ ಕೆಳಗೆ ಒಂದೇ ಪಟ್ಟಿಯಾಗಿ ಹಾದುಹೋಗುವುದರಿಂದ ಒಂದು ಪಿನ್ನು ಮುರಿದರೂ ಗಡಿಯಾರ ಬೀಳುವುದಿಲ್ಲ. ಬರೀ ಬಂಡೆಯ ಮೇಲಷ್ಟೇ ಇರುವವರಿಗೆ ಇದೇ ಒಳ್ಳೆಯದು. ಆದರೆ ಆ ಗಟ್ಟಿತನವೇ ತಿರುಗುವ ಯಂತ್ರದ ಹತ್ತಿರ ಅಪಾಯ. ಕ್ರಷರಿನ ಬೆಲ್ಟು, ಕಂಪ್ರೆಸರಿನ ಚಕ್ರ, ಊರಿನಲ್ಲಿ ಮೇವು ಕತ್ತರಿಸುವ ಯಂತ್ರ, ರಾಗಿ ಒಕ್ಕುವ ಯಂತ್ರ ಇವುಗಳಿಗೆ ಮುರಿಯದ ಪಟ್ಟಿಯೊಂದು ಸಿಕ್ಕಿದರೆ ಅದರ ಹಿಂದೆ ಕೈಯೂ ಹೋಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಬೆಲ್ಟಿನಲ್ಲಿ ಪಿನ್ನು ಕಿತ್ತು ಬರುವ ಸಾಧ್ಯತೆಯಾದರೂ ಇದೆ. ಅದನ್ನೂ ನಂಬಿಕೊಳ್ಳಬೇಡಿ. ತಿರುಗುವ ಯಂತ್ರದ ಹತ್ತಿರ ಹೋಗುವ ಮುಂಚೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿ. ಯಂತ್ರ ಪೂರ್ತಿ ನಿಂತ ಮೇಲೆಯೇ ಮತ್ತೆ ಕಟ್ಟಿ. ಈ ಒಂದು ವಿಷಯದಲ್ಲಿ ಆತುರವನ್ನು ನೆಪ ಮಾಡಿಕೊಳ್ಳಬೇಡಿ.

ಕೆಲಸದವರು ಗಡಿಯಾರ ಕಳೆದುಕೊಳ್ಳುವುದು ಮುಕ್ಕಾಲು ಪಾಲು ಆ ಸ್ಪ್ರಿಂಗ್ ಪಿನ್ನಿನಿಂದಲೇ. ಬೆಲ್ಟನ್ನು ಕೇಸಿಗೆ ಸೇರಿಸುವ ಅದು ಕಣ್ಣಿಗೆ ಕಾಣುವುದಿಲ್ಲ, ಕೆಲವೇ ರೂಪಾಯಿಯದು, ಒಳಗಿನ ಸ್ಪ್ರಿಂಗ್ ಬೆವರಿಗೆ ತುಕ್ಕು ಹಿಡಿದು ಒಂದು ದಿನ ಸದ್ದಿಲ್ಲದೆ ಸೋಲುತ್ತದೆ. ವರ್ಷಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ಎರಡೂ ಪಿನ್ನು ಬದಲಾಯಿಸಿ. ತುಕ್ಕು ಹಿಡಿಯದ ಉಕ್ಕಿನ, ದಪ್ಪನೆಯ ಪಿನ್ನು ಕೇಳಿ. ಬೆಲ್ಟನ್ನು ಬಗ್ಗಿಸಿದಾಗ ತೂತುಗಳ ಬಳಿ ಕೂದಲೆಳೆಯ ಬಿರುಕು ಕಂಡರೆ ಅದನ್ನೂ ಬದಲಾಯಿಸುವ ಹೊತ್ತು ಬಂತೆಂದೇ ತಿಳಿಯಿರಿ.

ಜ್ಯಾಕ್‌ಹ್ಯಾಮರನ್ನು ಎರಡೂ ಕೈಯಿಂದ ಹಿಡಿಯಬೇಕಾದ್ದರಿಂದ ನಡುಕವಿಲ್ಲದ ಕೈ ಎಂಬುದಿಲ್ಲ. ಎಡಗೈಗೆ, ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲಕ್ಕೆ, ಒಂದು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ, ಮೇಲೆ ಅಂಗಿಯ ತೋಳು ಇಳಿಬಿಡಿ. ಚಕ್ಕೆ ಸಿಡಿದರೂ ಬಟ್ಟೆಯ ತಡೆ ಇರುತ್ತದೆ. ಬಿಗಿಯಾಗಿ ಕಟ್ಟಿದರೆ ಅಡಿಯಲ್ಲಿ ಬೆವರು ನಿಂತು ಚರ್ಮ ಹುಣ್ಣಾಗುತ್ತದೆ. ಕೆಲಸ ಮುಗಿದ ಮೇಲೆ ಬೆರಳುಗಳು ಬೆಳ್ಳಗಾಗಿ ಜುಮ್ಮೆನ್ನುತ್ತಿದ್ದರೆ ಅದಕ್ಕೆ ಗಡಿಯಾರ ಕಾರಣವಲ್ಲ, ಯಂತ್ರದ ನಡುಕ ಕಾರಣ, ವೈದ್ಯರಿಗೆ ತೋರಿಸಿ.

ಮನೆಗೆ ಬಂದ ಮೇಲೆ ದಿನವೂ ಮಾಡಬೇಕಾದದ್ದು ಎರಡು ನಿಮಿಷದ ಕೆಲಸ. ಗಡಿಯಾರ ತಣಿದ ಮೇಲೆ ಒರೆಸುವುದಕ್ಕಿಂತ ಮೊದಲು ಸಿಹಿನೀರು ಸುರಿಯಿರಿ. ಒಣಪುಡಿಯನ್ನು ಒರೆಸಿದರೆ ಅದೇ ಉಪ್ಪುಕಾಗದವಾಗಿ ಗೀರುತ್ತದೆ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಬಟನ್ನಿನ ಸುತ್ತ, ಮುಚ್ಚಳದ ಸುತ್ತ ತಿಕ್ಕಿ. ನೀರಿನಲ್ಲಿರುವಾಗ ಬಟನ್ ಒತ್ತಬೇಡಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಹಾಗೆಯೇ ಒಣಗಲು ಬಿಟ್ಟರೆ ಬಿಳಿಯ ಉಪ್ಪು ಬಟನ್ನಿನ ಬುಡದಲ್ಲಿ ಕಟ್ಟಿಕೊಂಡು ಬಟನ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ನೀರಾರಿಸಿ. ಡೀಸೆಲ್, ಪೆಟ್ರೋಲ್, ಥಿನ್ನರ್ ಹಾಕಿ ಒರೆಸುವ ಅಭ್ಯಾಸ ಕೆಲವರಿಗಿದೆ. ಪ್ಲಾಸ್ಟಿಕ್ಕೂ ವಾಷರೂ ಅದರಿಂದ ಹಾಳಾಗುತ್ತವೆ. ಗ್ಲಾಸಿನ ಒಳಗಡೆ ಮಂಜು ಕಟ್ಟಿದಂತೆ ಕಂಡರೆ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ಕಾಯಬೇಡಿ, ಮುಚ್ಚಿದ ಗಡಿಯಾರದೊಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ. ಅಂದೇ ರಿಪೇರಿಯವರಲ್ಲಿ ಬಿಚ್ಚಿಸಿ ಒಣಗಿಸಿ ಹೊಸ ವಾಷರ್ ಹಾಕಿಸಿ. ಸೆಲ್ಲು ಹಾಕಿಸುವಾಗಲೂ ವಾಷರ್ ಹೊಸದಿರಲಿ, ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಲಿ ಎಂದು ಬಾಯಿಬಿಟ್ಟು ಕೇಳಿ.

ನಾನು ಹೇಳಿದ ಎಇ-1200 ತಿಂಗಳಿಗೆ ಅರ್ಧ ನಿಮಿಷದವರೆಗೆ ಹಿಂದುಮುಂದಾಗಬಹುದು. ತಿಂಗಳ ಮೊದಲ ದಿನ ಮೊಬೈಲ್ ನೋಡಿ ಸರಿಮಾಡಿಕೊಳ್ಳಿ. ಮದ್ದು ಸಿಡಿಸುವ ವೇಳೆ ಗಡಿಯಾರದಲ್ಲಿ ಕಳೆಯಿತೆಂದು ಬಂಡೆಯ ಕಡೆಗೆ ಹೆಜ್ಜೆ ಇಡಬಾರದು. ಅಪಾಯ ಕಳೆದಿದೆ ಎಂಬ ಸೈರನ್ ಆದ ಮೇಲೆಯೇ ಹೋಗಬೇಕು.

ಇನ್ನು ಜನತಾ. ಸೆಲ್ಲು ಹಾಕುವುದಷ್ಟನ್ನೇ ಮಾಡುವ ಅಂಗಡಿಗೆ ಅದನ್ನು ಕೊಡಬೇಡಿ. ಕೀಲಿ ಗಡಿಯಾರವನ್ನು ಪೂರ್ತಿ ಬಿಚ್ಚಿ ಜೋಡಿಸಬಲ್ಲ ಹಳಬರು ಚಿಕ್ಕಬಳ್ಳಾಪುರ, ಕೋಲಾರದ ಪೇಟೆಗಳಲ್ಲಿ ಇದ್ದರೆ ಅವರಲ್ಲಿಗೆ, ಇಲ್ಲವೇ ತುಮಕೂರಿಗೋ ಬೆಂಗಳೂರಿಗೋ ತನ್ನಿ. ಪ್ರತಿ ಭಾಗವನ್ನೂ ಬಿಚ್ಚಿ ತೊಳೆದು, ಹೊಸ ಎಣ್ಣೆ ಕೊಟ್ಟು, ಕೀಯನ್ನೂ ಗ್ಲಾಸನ್ನೂ ಬದಲಾಯಿಸಬೇಕಾಗಬಹುದು. ಬ್ಯಾಲೆನ್ಸಿನ ಮೊನೆ ಮುರಿದಿದ್ದರೂ ಗಾಬರಿ ಬೇಡ, ಹಳೆಯ ಎಚ್‌ಎಂಟಿಗಳಿಂದ ತೆಗೆದ ಬಿಡಿಭಾಗಗಳು ಇನ್ನೂ ಸಿಗುತ್ತವೆ. ತೆಗೆದ ಭಾಗಗಳನ್ನು ಕೇಳಿ ಪಡೆಯಿರಿ, ಡಯಲ್ಲಿಗೆ ಹೊಸ ಬಣ್ಣ ಹಾಕಲು ಬಿಡಬೇಡಿ. ಹಿಂಬದಿಯ ಮುಚ್ಚಳ ತೆಗೆದಾಗ ಅದರ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಲು ಹೇಳಿ. ರಿಪೇರಿಯವರು ಸರ್ವೀಸ್ ಮಾಡಿದ ದಿನಾಂಕವನ್ನು ಸೂಜಿಮೊನೆಯಿಂದ ಅಲ್ಲಿ ಗೀಚುವ ವಾಡಿಕೆ ಇತ್ತು. ನಿಮ್ಮ ತಂದೆಯವರು ಅದನ್ನು ಯಾವ ಯಾವ ವರ್ಷ ಕೊಟ್ಟು ಸರಿಮಾಡಿಸಿಕೊಂಡಿದ್ದರು ಎಂಬುದು ಅಲ್ಲಿ ಸಿಗಬಹುದು.